ಸೋದರತ್ತೆಯ ಜಡೆ

ಬೋಳಿಸಿದ ತಲೆಯ ಮೇಲೆ ಕತ್ತಿ ತಾಗಿದ ಎರಡು ಗಾಯ, ಅದರ ಕೆಳಗೆ ಹಣೆಯಲ್ಲಿ ಕಾಸಿನಗಲ ಕುಂಕುಮ. ನನ್ನ ಸೋದರತ್ತೆ ನೆನಪಾಗುವುದು ಹೀಗೆಯೇ. ಹಳಿಯಾಳದ ಗಂಡನ ಮನೆಯಿಂದ ತೇರಗಾಂವದ ನಮ್ಮ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಯಾರಿಗಾದರೂ ಬೈದು ಮುಗಿಸಿರುತ್ತಿದ್ದಳು.

ಏಳು ವರ್ಷದವಳಿದ್ದಾಗ ನಾನು ಕಟ್ಟಿಗೆ ಗಾಡಿಯಿಂದ ಬಿದ್ದಿದ್ದೆ. ಕಿವಿಯ ಮೇಲೆ ಎಲುಬು ಒಳಕ್ಕೆ ಕುಸಿದು ತಗ್ಗಾಯಿತು. ಮರುವರ್ಷದಿಂದ ಮೂರ್ಛೆ ಬರತೊಡಗಿತು. ಬಿದ್ದಾಗಲೆಲ್ಲ ಮೂಗಿಗೆ ಚಪ್ಪಲಿ ಹಿಡಿದರು, ಅಂಗಾಲಿಗೆ ಬರೆ ಹಾಕಿದರು. ಹಾಕಿದವರಾರೂ ಮುಂದೆ ತಪ್ಪಾಯಿತು ಎನ್ನಲಿಲ್ಲ. ಅತ್ತೆಯೊಬ್ಬಳೇ ನನ್ನನ್ನು ಹಳಿಯಾಳದ ದವಾಖಾನೆಗೆ ಕರೆದೊಯ್ದಳು. ವರ್ಷವಿಡೀ ಗುಳಿಗೆ ನುಂಗಿದರೂ ವಾರಕ್ಕೆರಡು ಸಲ ಬೀಳುವುದು ತಪ್ಪಲಿಲ್ಲ. ಕೊನೆಗೆ ಡಾಕ್ಟರು, "ಔಷಧಕ್ಕ ಇದು ಬಗ್ಗೂದಿಲ್ಲ. ಮುಂಬಯಿದಾಗ ತಲಿ ಬಿಚ್ಚಿ ಎಲುಬು ಎತ್ತಬೇಕು. ಜೀವಕ್ಕ ಅಪಾಯ ಐತಿ, ಬಿಟ್ರೂ ಐತಿ" ಎಂದರು.

ದೊಡ್ಡಪ್ಪನಿಗೆ ನನ್ನ ಜೀವದ ಚಿಂತೆ ಹತ್ತಲಿಲ್ಲ. ಆಪರೇಶನ್ನಿಗೆ ತಲೆ ಬೋಳಿಸುತ್ತಾರೆಂಬುದೇ ದೊಡ್ಡದಾಯಿತು. "ಹೆಣ್ಣಮಗಳ ತಲಿ ಬೋಳ್ಸಿದ್ರ ಮನಿಗೆ ಒಳ್ಳೇದಲ್ಲ. ನಾಳೆ ಯಾರು ಮಾಡ್ಕೋತಾರ?" ಅಪ್ಪ ಎಂದೂ ಅಣ್ಣನ ಮಾತು ಮೀರಿದವನಲ್ಲ.

ಅತ್ತೆ ಹೊರನಡೆದಳು. ಊರ ಕಟ್ಟೆಯ ಮೇಲೆ ಕ್ಷೌರಕ್ಕೆ ಕಾದಿದ್ದ ಗಂಡಸರ ನಡುವೆ ಕುಳಿತು, ಹೆದರುತ್ತ ಎರಡು ಕಡೆ ಕತ್ತಿ ತಾಗಿಸಿದ ಕ್ಷೌರದವನಿಂದ ಮಾರುದ್ದದ ಜಡೆ ತೆಗೆಸಿಕೊಂಡು ಬಂದಳು. "ಯಣ್ಣಾ, ನನ್ನ ಗಂಡ ಗಟ್ಟಿಮುಟ್ಟ ಅದಾನ. ನನ್ನ ತಲಿ ಬೋಳಾತು. ಯಾರ ಮನಿ ಬಿತ್ತು, ಹೇಳು? ಗಾಡಿ ಹೂಡ್ಸು."

ಗಾಡಿ ಹೂಡಿಸಿದರು. ಮುಂಬಯಿಯಲ್ಲಿ ಎಲುಬು ಎತ್ತಿಸಿಕೊಂಡು ಬಂದ ಮೇಲೆ ಎರಡೇ ಸಲ ಬಿದ್ದೆ, ಮತ್ತೆ ಬೀಳಲಿಲ್ಲ. ಅತ್ತೆಯನ್ನು ಮಾತ್ರ ಯಾರೂ ಬಿಡಲಿಲ್ಲ. ಮುತ್ತೈದೆಯರಿಗೆ ಉಡಿ ತುಂಬುವಾಗ ಅವಳನ್ನು ದಾಟಿ ಮುಂದಿನವಳಿಗೆ ತುಂಬಿದರು. "ಹೋಗ್ಲಿ ಬಿಡು, ನೀ ನೆಟ್ಟಗ ನಿಂತೀಯಲ್ಲ" ಎಂದು ಅವಳು ನನ್ನ ನೋಡಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹತ್ತು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡಾಗ ಗಂಡ ಅಂಗಳದಲ್ಲೇ ಕುಳಿತಿದ್ದ. ಆದರೂ ಮುತ್ತೈದೆಗೆ ಇಡುವ ಕುಂಕುಮ, ಹಸಿರು ಬಳೆಯ ತಟ್ಟೆಯನ್ನು ದೊಡ್ಡಪ್ಪನ ಹೆಂಡತಿ ಒಳಗೊಯ್ಯತೊಡಗಿದಳು. "ಒಮ್ಮೆ ಬೋಳಿಸ್ಕೊಂಡಾಕಿಗೆ ಇದೆಲ್ಲಾ ಯಾಕ?"

ತಟ್ಟೆ ಕಸಿದುಕೊಂಡೆ. ಅತ್ತೆಯ ಕೂದಲು ಮತ್ತೆ ಸೊಂಟದವರೆಗೆ ಬೆಳೆದಿತ್ತು. ಬಾಚಿ ಜಡೆ ಹಾಕಿದೆ, ಹೂ ಮುಡಿಸಿದೆ, ಬಳೆ ತೊಡಿಸಿ ಕಾಸಿನಗಲ ಕುಂಕುಮ ಇಟ್ಟೆ. ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.