ಎಡಿತಳ ಹಿಂಬಾಗಿಲ ಬೂಟು

ಥೆಲ್ಮಾ ಮನೆಗೆ ಬರುತ್ತಾಳೆಂದರೆ ನಮ್ಮೂರಿನ ಹೆಂಗಸರು ಮೊದಲು ಸಿಂಕಿನ ಕಡೆ ಓಡುತ್ತಾರೆ. ಅವಳೇನೂ ಪೊಲೀಸಿನವಳಲ್ಲ, ಪಾದ್ರಿಯ ಹೆಂಡತಿಯೂ ಅಲ್ಲ. ಆಸ್ಟ್ರೇಲಿಯಾದ ಈ ಮ್ಯಾಲಿ ಸೀಮೆಯಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ ಊರ ಹಾಲ್‌ನಲ್ಲಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ರಂಗದ ಮೇಲಿನ ಸಾಮಾನಿನ ಉಸ್ತುವಾರಿ ಇಪ್ಪತ್ತೆರಡು ವರ್ಷದಿಂದ ಅವಳದು. ಹೊಸದು ಕೊಳ್ಳುವ ಪದ್ಧತಿಯಿಲ್ಲ, ಎಲ್ಲವೂ ನಮ್ಮನಮ್ಮ ಮನೆಗಳಿಂದಲೇ ಹೋಗಬೇಕು. ನಾಟಕದ ದಿನ ಅರ್ಧ ಊರು ಕಥೆ ಬಿಟ್ಟು ರಂಗದ ಮೇಲೆ ತನ್ನ ಕೆಟಲ್ ಎಲ್ಲಿದೆ ಎಂದು ಹುಡುಕುತ್ತಿರುತ್ತದೆ.

ಅವಳಿಗೆ ಅರವತ್ತು ದಾಟಿದೆ. ಗೋಧಿ ಲಾರಿ ಓಡಿಸಿ ಓಡಿಸಿ ಸೊಂಟ ಹಿಡಿದುಕೊಂಡಿದೆ, ದನಿಯೂ ಲಾರಿಯದೇ. ನಾಟಕದ ಪುಸ್ತಕ ಕೈಗೆ ಕೊಟ್ಟರೆ ಪಾತ್ರದ ಬಗ್ಗೆ ಅವಳು ಕೇಳುವುದು ಒಂದೇ: "ಇವಳ ಸಿಂಕಲ್ಲಿ ಏನಿರತ್ತೆ?" ಹೋದ ವರ್ಷ ಜಿಪುಣ ಮುದುಕನೊಬ್ಬನ ಕಿಟಕಿಯಲ್ಲಿ ಬಳಸಿದ ಟೀ ಚೀಲವನ್ನು ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದಳು. ಮುದುಕ ಬಾಯಿ ತೆರೆಯುವ ಮೊದಲೇ ಜನ ಬಿದ್ದು ಬಿದ್ದು ನಕ್ಕರು. ಅವಳ ಆ ವಿದ್ಯೆ ನನಗೂ ಬಹಳ ಮೆಚ್ಚುಗೆಯಾಗಿತ್ತು, ಬೇರೆಯವರ ಮೇಲೆ ನಡೆಯುತ್ತಿದ್ದಷ್ಟು ದಿನ.

ಈ ವರ್ಷದ ನಾಟಕದಲ್ಲಿ ಎಡಿತ್ ಎಂಬ ಹೆಂಗಸಿದ್ದಾಳೆ. ಗಂಡ ಹಡಗಿನಲ್ಲಿದ್ದಾನೆ ಎನ್ನುತ್ತಾಳೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಪರದೆಗೆ ಅಂಚು ಹೊಲಿಯಲು ಹೋದ ನಾನು ರಂಗದ ಮೇಲಿನ ಅವಳ ಅಡುಗೆಮನೆ ನೋಡಿ ಸೂಜಿ ಚುಚ್ಚಿಕೊಂಡೆ. ಮೇಜಿನ ಮೇಲೆ ಎರಡು ಕಪ್, ಒಂದರಲ್ಲಿ ಟೀ ಕಲೆಯೇ ಇಲ್ಲ. ಹಿಂಬಾಗಿಲ ಹೊರಗೆ ಒಂದು ಜೊತೆ ಗಂಡಸಿನ ಬೂಟು.

ಅದು ನನ್ನ ಮನೆ. ನನ್ನ ಗಂಡ ರಸ್ ಪಶ್ಚಿಮದ ಗಣಿಯಲ್ಲಿದ್ದಾನೆ, ರಜೆ ಸಿಕ್ಕಾಗ ಬಂದು ಹೋಗುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಾಲ್ಕು ವರ್ಷದಿಂದ ಅವನು ಬಂದಿಲ್ಲ, ಬರುವುದೂ ಇಲ್ಲ. ಪರ್ತ್‌ನಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಅವನ ಬೂಟು ಮಾತ್ರ ನನ್ನ ಹಿಂಬಾಗಿಲಲ್ಲಿದೆ.

ಜೂನ್‌ನಲ್ಲಿ ಇಸ್ತ್ರಿಪೆಟ್ಟಿಗೆ ಕೇಳಲು ಬಂದಿದ್ದ ಥೆಲ್ಮಾ ಹಿಂಬಾಗಿಲಲ್ಲಿ ಅಷ್ಟು ಹೊತ್ತು ಯಾಕೆ ನಿಂತಿದ್ದಳು? ಸೊಂಟ ನೋವಿನವಳು ನಮ್ಮ ನಾಯಿಯ ಕಿವಿ ತುರಿಸಲು ಬೂಟಿನ ಪಕ್ಕ ಬಗ್ಗಿದ್ದೇಕೆ? ಪರ್ತ್‌ನಿಂದ ಬಂದ ವಕೀಲರ ಲಕೋಟೆಯನ್ನು ಅಂಚೆಯವಳು ಬೆಳಕಿಗೆ ಹಿಡಿದು ನೋಡಿದಳೇ? ಒಂದು ವಾರ ಇದೇ ಕೊರೆತ. ಬೂಟನ್ನು ಒಳಗಿಟ್ಟೆ. ಇಲ್ಲದಿರುವುದೂ ಯಾರ ಕಣ್ಣಿಗಾದರೂ ಬೀಳುತ್ತದೆಂದು ಮತ್ತೆ ಹೊರಗಿಟ್ಟೆ. ಶನಿವಾರ ಪರದೆ ಎದ್ದರೆ ಇಡೀ ಊರು ಆ ಬೂಟು ನೋಡಿ ನನ್ನ ಕಡೆ ತಿರುಗುತ್ತದೆ. ಆಮೇಲೆ ಬ್ರೆಡ್ ಕೊಳ್ಳಲು ಹೋದರೂ ಎಲ್ಲರೂ ನನ್ನೊಂದಿಗೆ ಮೆತ್ತಗೆ ಮಾತಾಡುತ್ತಾರೆ. ಆ ಕನಿಕರ ನೆನೆದರೇ ನನಗೆ ಮೈ ಉರಿಯುತ್ತದೆ.

ಗುರುವಾರ ಮಧ್ಯಾಹ್ನ ನೇರವಾಗಿ ಹಾಲ್‌ಗೆ ಹೋದೆ. ಥೆಲ್ಮಾ ಒಬ್ಬಳೇ ಎಡಿತಳ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು.

"ಆ ಬೂಟು ತೆಗಿ," ಎಂದೆ.

"ಯಾಕೆ ನೊಲೀನ್, ಕಾಲಿಗೆ ತೊಡರ್ಕೊಳ್ತಾ?"

"ಏನೂ ಗೊತ್ತಿಲ್ದೋಳ ಹಾಗೆ ಆಡ್ಬೇಡ. ನನ್ನ ಮನೇನೇ ಎತ್ಕೊಂಡ್ಬಂದು ಇಲ್ಲಿ ಇಟ್ಟಿದೀಯ. ಯಾರು ಹೇಳಿದ್ರು ನಿಂಗೆ, ರಸ್ ಇನ್ನು ಬರಲ್ಲ ಅಂತ?"

ಥೆಲ್ಮಾ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಂಡಳು.

"ಈ ವಾರ ಜಗಳಕ್ಕೆ ಬಂದೋರಲ್ಲಿ ನೀನು ನಾಲ್ಕನೆಯವಳು ಕಣೆ. ಒಬ್ಬಳು ಆ ಎರಡನೇ ಕಪ್ ತನ್ನದು ಅಂದ್ಲು, ಇನ್ನೊಬ್ಬಳು ಖಾಲಿ ಕುರ್ಚಿ ತನ್ನದು ಅಂದ್ಲು. ನಾನು ಯಾರ ಮನೇನೂ ಎತ್ಕೊಂಡ್ಬಂದಿಲ್ಲ. ನಮ್ಮಪ್ಪ ಹೋದ್ಮೇಲೆ ನಮ್ಮಮ್ಮ ಹಿಂಗೇ ಬೂಟು ಇಡೋಳು." ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಹೇಳಿದಳು, "ರಸ್ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ. ಈಗ ನೀನೇ ಹೇಳಿದ್ದು."

ನಾಲ್ಕು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ನಾನೇ ಬಂದು ನಾನೇ ಒದರಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಥೆಲ್ಮಾ ಆ ಬೂಟನ್ನೆತ್ತಿ ನನ್ನ ಕೈಗೆ ತುರುಕಿದಳು.

"ಬಂದದ್ದು ಬಂದೆ, ನೋಡಿ ಹೇಳು. ಇದು ಸುಳ್ಳು ಅಂತ ಎದ್ದು ಕಾಣ್ತಿದೆ. ಏನು ಕಮ್ಮಿ?"

"ಮಣ್ಣು," ಎಂದೆ. "ಒಣಗಿದ್ರೆ ಯಾರೂ ನಂಬಲ್ಲ. ವಾರಕ್ಕೊಂದ್ಸಲ ಹಸಿ ಮಣ್ಣು ಮೆತ್ಬೇಕು. ಎಡಗಡೇದಕ್ಕೆ ಜಾಸ್ತಿ. ಅವನು ಎಡಗಾಲು ಎಳ್ಕೊಂಡು ನಡೀತಿದ್ದ."

ಥೆಲ್ಮಾ ಹೊರಗೆ ಹೋಗಿ ಬಕೆಟ್‌ನಲ್ಲಿ ಕೆಮ್ಮಣ್ಣು ಕಲಸಿ ತಂದಳು. ಇಬ್ಬರೂ ರಂಗದ ಅಂಚಿನಲ್ಲಿ ಕುಳಿತು ಒಂದೊಂದು ಬೂಟು ಹಿಡಿದುಕೊಂಡೆವು. ನನಗೆ ಅಳು ತಡೆಯಲಾಗಲಿಲ್ಲ.

"ಅದರ ಮೇಲೆ ಅಳ್ಬೇಡ," ಎಂದು ಗದರಿದಳು. "ನೀರು ಜಾಸ್ತಿ ಆದ್ರೆ ಮಣ್ಣು ನಿಲ್ಲಲ್ಲ."