ಗಿರಿಜಕ್ಕನ ಗೋರಂಟಿ ಕೈ

ಗೋರಂಟಿ ಸೊಪ್ಪು ರುಬ್ಬುವಾಗ ಏಳುವ ಹಸಿ ಒಗರು ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನನಗೆ ಗೊತ್ತಿಲ್ಲ. ಕೆಲವರಿಗೆ ಹಬ್ಬ, ಕೆಲವರಿಗೆ ತವರುಮನೆ. ನನಗೆ ಮಾತ್ರ ಆಸ್ಪತ್ರೆ. ನಗಬೇಡಿ, ಪೂರ್ತಿ ಕೇಳಿ. ಇವತ್ತು ಬೆಳಿಗ್ಗೆ ಹಿತ್ತಲ ಗಿಡದಿಂದ ಸೊಪ್ಪು ಬಿಡಿಸಿ ತಂದು, ಒಂದಿಷ್ಟು ಹುಣಸೆಹಣ್ಣು, ಚೂರು ಕಾಚು ಸೇರಿಸಿಕೊಂಡು ಒರಳಿನ ಮುಂದೆ ಕೂತೆ. ಮನೆಯಲ್ಲಿ ಮಿಕ್ಸಿ ಇಲ್ಲ ಅಂತಲ್ಲ. ಹಿಂದೊಮ್ಮೆ ಅದೇ ಜಾರಿಗೆ ಗೋರಂಟಿ ಹಾಕಿ, ಆಮೇಲೆ ಎಷ್ಟೋ ದಿನ ಮನೆಮಂದಿಗೆಲ್ಲ ಗೋರಂಟಿ ವಾಸನೆಯ ಕಾಯಿಚಟ್ನಿ ತಿನ್ನಿಸಿದ ಕೀರ್ತಿ ನನಗೆ ಸಲ್ಲುತ್ತದೆ. ಅವತ್ತಿನಿಂದ ನನಗೂ ಮಿಕ್ಸಿಗೂ ಈ ವಿಷಯದಲ್ಲಿ ಸಂಬಂಧವಿಲ್ಲ. ಸರಿ, ಗುಂಡುಕಲ್ಲು ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ವಾಸನೆ ಮೂಗಿಗೆ ಹೊಡೆಯಿತು. ಕೈ ತನ್ನಷ್ಟಕ್ಕೆ ತಾನೇ ನಿಂತುಹೋಯಿತು.

ಗಿರಿಜಕ್ಕ ನನ್ನ ಓರಗಿತ್ತಿ, ಅಂದರೆ ನಮ್ಮ ಭಾವನವರ ಹೆಂಡತಿ. ಓರಗಿತ್ತಿಯರು ಎಂದ ಮೇಲೆ ಜಗಳ ಇರಬೇಕಲ್ಲ ಎಂದು ಕಾಯುತ್ತಿದ್ದೀರಾ? ಇತ್ತು, ನಿರಾಸೆ ಬೇಡ. ಸಾರಿಗೆ ಬೆಲ್ಲ ಹಾಕುವ ವಿಚಾರದಲ್ಲಿ ನಾವಿಬ್ಬರೂ ಇವತ್ತಿನವರೆಗೂ ಒಂದು ತೀರ್ಮಾನಕ್ಕೆ ಬಂದಿಲ್ಲ. ನಾನು ಬಯಲು ಕಡೆಯವಳು, ರಾಗಿ ಹೊಲದ ಸೀಮೆಯವಳು. ಮದುವೆಯಾಗಿ ಹೆತ್ತೂರಿನ ಮೇಲಿರುವ ಈ ಕಾಫಿ ತೋಟಕ್ಕೆ ಬಂದಾಗ ಜಿಗಣೆ ಕಂಡರೆ ಊರಿಗೇ ಕೇಳುವ ಹಾಗೆ ಕಿರುಚುತ್ತಿದ್ದೆ. ಮೊದಲನೇ ಮಳೆಗಾಲದಲ್ಲಿ ನನ್ನ ಕಾಲನ್ನು ತನ್ನ ತೊಡೆಮೇಲೆ ಎತ್ತಿಟ್ಟುಕೊಂಡು, ಜಿಗಣೆ ಕಿತ್ತು ಸುಣ್ಣ ಹಚ್ಚಿದವಳು ಗಿರಿಜಕ್ಕ. "ಹೆದರ್ಕಬೇಡ ಕಣೆ, ಪಾಪ ಅದಕ್ಕೊಂದು ಹೊತ್ತಿನ ಊಟ ಹಾಕ್ದೆ ಅಷ್ಟೆ," ಅಂದಿದ್ದಳು. ಆ ಮನೆಯಲ್ಲಿ ನಾನು ಬಾಳುತ್ತೇನೆ ಎಂದು ನನಗೆ ಧೈರ್ಯ ಬಂದದ್ದು ಆ ಮಾತಿನಿಂದ.

ನನ್ನ ಕಾಲಿಗೆ ಅಷ್ಟು ಉಪಚಾರ ಮಾಡಿದವಳು ತನ್ನ ಕಾಲನ್ನು ಮಾತ್ರ ಕಾಲೆಂದೇ ಎಣಿಸುತ್ತಿರಲಿಲ್ಲ. ಭಾವ ಗಂಬೂಟು ತಂದುಕೊಟ್ಟರೆ ಅದರಲ್ಲಿ ಕೊತ್ತಂಬರಿ ಸಸಿ ಬೆಳೆಸಿದಳು, ಪುಣ್ಯಾತ್ಗಿತ್ತಿ. ಬರಿಗಾಲಲ್ಲೇ ಕೆಸರು, ಬರಿಗಾಲಲ್ಲೇ ಕಾಫಿ ಕಣ. ಹಿಮ್ಮಡಿ ಒಡೆದು ಬಿರುಕು ಬಿಟ್ಟರೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡುತ್ತಿದ್ದಳು. ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯನ್ನು ಬಿರುಕಿಗೆ ಬಿಡುವುದು. ಚುರ್ ಎಂದು ಸುಡುತ್ತದೆ, ಒಡಕು ಮುಚ್ಚುತ್ತದೆ, ಜಾಗ ಕಪ್ಪಾಗಿ ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಹೆಂಗಸರ ಹಿಮ್ಮಡಿ ಕಪ್ಪಗಿದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ.

ಆ ಕಪ್ಪಿನ ಮರೆಯಲ್ಲೇ ಇನ್ನೊಂದು ಕಪ್ಪು ಬೆಳೆಯುತ್ತಿತ್ತು. ಎಡಗಾಲ ಹಿಮ್ಮಡಿಯ ಅಂಚಿನಲ್ಲಿ ಮೊದಲು ಮೆಣಸಿನಕಾಳಿನಷ್ಟು, ಆಮೇಲೆ ಕಾಫಿಬೀಜದಷ್ಟು. "ಗೇರೆಣ್ಣೆ ಕಲೆ ಕಣೆ," ಅಂದಳು. ಗೇರೆಣ್ಣೆ ಕಲೆ ಎಂದು ನಾನೂ ಒಪ್ಪಿದೆ, ಭಾವನೂ ಒಪ್ಪಿದರು. ಕಲೆ ಹೋಗಲಿಲ್ಲವೆಂದು ಅದರ ಮೇಲೆ ಇನ್ನೊಂದಿಷ್ಟು ಗೇರೆಣ್ಣೆ ಬಿಟ್ಟಳು. ಅದು ರಕ್ತ ಸುರಿಸಲು ಶುರುಮಾಡಿದ ಮೇಲೆ ಸಕಲೇಶಪುರಕ್ಕೆ ಹೋದೆವು. ಅಲ್ಲಿನ ಡಾಕ್ಟರು ಒಂದು ಸಲ ನೋಡಿ, ಕನ್ನಡಕ ತೆಗೆದು ಇನ್ನೊಂದು ಸಲ ನೋಡಿ, ತಡಮಾಡದೆ ಮಂಗಳೂರಿಗೆ ಹೋಗಿ ಅಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶದಲ್ಲಿ ಹುಟ್ಟುವ ಕ್ಯಾನ್ಸರಂತೆ. ನಮ್ಮಂಥ ಬಣ್ಣದವರಿಗೆ ಬರುವುದು ಕಡಿಮೆ, ಬಂದರೆ ಹೀಗೆ ಅಂಗಾಲು ಅಂಗೈಯಲ್ಲೇ ಹೆಚ್ಚಂತೆ.

ಮಂಗಳೂರಿನಲ್ಲಿ ಹಿಮ್ಮಡಿಯ ಆ ಭಾಗವನ್ನು ಕೊಯ್ದು ತೆಗೆದರು. ತೊಡೆಸಂದಿಯಲ್ಲಿ ಗಂಟು ಬಂತು, ಅದನ್ನೂ ತೆಗೆದರು. ಆಮೇಲೆ ಒಂದು ದಿನ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಶ್ವಾಸಕೋಶಕ್ಕೆ ಹರಡಿದೆ," ಅಂದರು. ಹರಡುವುದು ಎಂದರೆ ನಮಗೆ ಕಣದಲ್ಲಿ ಕಾಫಿ ಹರಡುವುದಷ್ಟೇ ಗೊತ್ತಿತ್ತು. ಗಿರಿಜಕ್ಕ ಬಹಳ ಮರ್ಯಾದೆಯಿಂದ ಕೇಳಿದಳು: "ನಮ್ಮ ಶ್ರುತಿ ಇನ್ನೂ ಓದ್ತಾ ಅವ್ಳೆ ಅಮ್ಮ. ಅವಳ ಮದುವೆಗಂಟ ಇರ್ತೀನಾ?" ಶ್ರುತಿ ಅವಳ ಒಬ್ಬಳೇ ಮಗಳು, ಹಾಸನದಲ್ಲಿ ಕಾಲೇಜಿನಲ್ಲಿದ್ದಳು. ಹೊಸ ತರದ ಔಷಧಿಯೊಂದಿದೆ, ಹಾಕಿ ನೋಡೋಣ ಅಂದರು ಡಾಕ್ಟರಮ್ಮ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅವರು ತಾಳ್ಮೆಯಿಂದ ಹೇಳಿದರು. "ಇದು ಗೆಡ್ಡೆಯನ್ನ ಸುಡೋ ಔಷಧಿ ಅಲ್ಲ. ರೋಗ ಬಂದ್ರೆ ಹೊಡೆದಾಡೋ ಕಾವಲಿನ ಕೋಶಗಳು ನಿಮ್ಮ ಮೈಯಲ್ಲೇ ಇವೆ. ಈ ಕ್ಯಾನ್ಸರು ಅವಕ್ಕೆ ಮಂಕುಬೂದಿ ಎರಚಿ ಕೂರಿಸಿರುತ್ತೆ. ಆ ಮಂಕು ಬಿಡಿಸೋದಷ್ಟೇ ಔಷಧಿ ಕೆಲಸ." ಇದನ್ನು ಕೇಳಿದ್ದೇ ನಾನು ತಲೆಯಾಡಿಸಿದೆ. ನನಗೆ ಅರ್ಥವಾಗದ್ದಕ್ಕೂ ತಲೆಯಾಡಿಸುವ ಅಭ್ಯಾಸವಿದೆ, ಮದುವೆಯಾದ ಮೇಲೆ ಬಂದದ್ದು.

ಹೀಗೆ ನಮ್ಮ ಘಟ್ಟ ಇಳಿಯುವ ಹತ್ತುವ ಕಾಲ ಶುರುವಾಯಿತು. ಖರ್ಚಿನ ಮಾತು ಎತ್ತುವುದಿಲ್ಲ, ಅದೊಂದು ಬೇರೆಯೇ ರಾಮಾಯಣ. ಶಿರಾಡಿ ಘಾಟಿಯ ತಿರುವುಗಳಲ್ಲಿ ಕಾಯಿಲೆಯವಳು ಗಟ್ಟಿಯಾಗಿ ಕೂತಿರುತ್ತಿದ್ದಳು, ಜೊತೆಗೆ ಹೋದ ನಾನು ಕಿಟಕಿಗೆ ತಲೆಕೊಟ್ಟು ವಾಂತಿ ಮಾಡುತ್ತಿದ್ದೆ. "ಯಾರ್ರೀ ಪೇಷೆಂಟು?" ಎಂದು ಕಂಡಕ್ಟರು ಕೇಳಿದರೆ ಗಿರಿಜಕ್ಕ ನನ್ನ ಕಡೆ ಕೈತೋರಿಸುತ್ತಿದ್ದಳು. ತುಂಟತನ ಅವಳಿಗೆ ಯಾವ ರೋಗದಲ್ಲೂ ಕಡಿಮೆಯಾಗಲಿಲ್ಲ.

ಆ ವರ್ಷ ಆಷಾಢದಲ್ಲಿ ಗೋರಂಟಿ ಹಾಕಿಕೊಂಡಳು. ಅದರಲ್ಲೇನೂ ವಿಶೇಷವಿಲ್ಲ. ನೆನೆದ ಕೈಬೆರಳು ಕೊಳೆಯದಿರಲಿ ಎಂದು ಆಷಾಢದಲ್ಲಿ ಎಲ್ಲರೂ ಹಾಕುತ್ತಾರೆ. ಆದರೆ ಶ್ರಾವಣದಲ್ಲೂ ಹಾಕಿಕೊಂಡಳು, ದೀಪಾವಳಿಗೂ ಹಾಕಿಕೊಂಡಳು. ಕಾಫಿ ಕುಯ್ಲು ಶುರುವಾಗಿ ಎಲ್ಲರ ಕೈಯೂ ಕಾಯಿಯ ರಸಕ್ಕೆ ಕಪ್ಪಿಟ್ಟು ಕೂತಾಗಲೂ ಇವಳ ಕೈ ಮಾತ್ರ ಕೆಂಪು. ಅದೂ ಅಂಗೈಗಿಂತ ಮುಂಗೈಗೆ ಹೆಚ್ಚು, ಚಿತ್ತಾರವಿಲ್ಲದೆ ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ. "ಏನಕ್ಕ, ಭಾವನ್ನ ಇನ್ನೊಂದ್ಸಲ ಮದುವೆ ಆಯ್ತೀಯಾ?" ಎಂದು ರೇಗಿಸಿದೆ. "ಆಗ್ಲಿ ಬುಡು, ಈ ಸಲನಾದ್ರೂ ಒಳ್ಳೆ ಸೀರೆ ತರ್ತಾರೇನೋ," ಅಂದಳು. ನಾನು ನಕ್ಕುಬಿಟ್ಟೆ. ಅವಳ ಮಾತೇ ಹಾಗೆ, ಮುಂದೆ ಕೇಳುವುದನ್ನು ಮರೆಸಿಬಿಡುತ್ತದೆ.

ಗುಟ್ಟು ರಟ್ಟಾದದ್ದು ಮಂಗಳೂರಿನಲ್ಲಿ. ಔಷಧಿ ಹಾಕುವ ಮೊದಲು ಬೆರಳಿಗೆ ಚಿಕ್ಕ ಕ್ಲಿಪ್ಪು ಸಿಕ್ಕಿಸಿ ಉಸಿರಿನ ಲೆಕ್ಕ ನೋಡುತ್ತಾರಲ್ಲ, ಅದು ಗೋರಂಟಿಯ ದಪ್ಪಕ್ಕೆ ಸರಿಯಾಗಿ ಓದಲಿಲ್ಲ. "ಎಂತ ಅಮ್ಮ ಇದು, ಇಷ್ಟು ಮದರಂಗಿ! ಕಿವಿಗೆ ಹಾಕ್ತೇನೆ, ಆಯ್ತಾ?" ಎಂದು ನರ್ಸಮ್ಮ ಅವಳ ತಲೆಮೇಲಿನ ಸೆರಗು ಸರಿಸಿದರು. ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಚರ್ಮ ಬಣ್ಣವೇ ಇಲ್ಲದೆ ಬೆಳ್ಳಗಿತ್ತು, ಹಾಲು ಚೆಲ್ಲಿದ ಹಾಗೆ. ನರ್ಸಮ್ಮ ಡಾಕ್ಟರನ್ನು ಕರೆಯಲು ಓಡಿದರು.

ನಾನು ಅವಳ ಕೈ ಹಿಡಿದು ನೋಡಿದೆ. ಗೋರಂಟಿ ಮಾಸಿದ ಕಡೆಯಲ್ಲೆಲ್ಲ ಅದೇ ಬಿಳುಪು ಇಣುಕುತ್ತಿತ್ತು. "ಇದೇನಕ್ಕ? ಯಾವಾಗಿಂದ?"

"ಮೆತ್ತಗೆ ಮಾತಾಡೆ. ತೊನ್ನು ಕಣೆ," ಅಂದಳು. "ಮನೆಯೋರಿಗೆ ಹೇಳಿದ್ರೆ ಈ ಔಷಧಿಯಿಂದ್ಲೇ ಆಗಿದ್ದು ಅಂತ ನಿಲ್ಲಿಸ್ಬುಡ್ತಾರೆ. ಡಾಕ್ಟ್ರು ನೋಡಿದ್ರೂ ನಿಲ್ಲಿಸ್ಬುಡ್ತಾರೆ. ನಿಲ್ಲಿಸಿದ್ರೆ ಶ್ರುತಿ ಮದುವೆ ನಾನೆಲ್ಲಿ ನೋಡ್ತೀನಿ? ಮೈಯೆಲ್ಲ ಬೆಳ್ಳಗಾದ್ರೂ ಆಗ್ಲಿ, ಸುಮ್ನಿರು."

ಆ ಕ್ಷಣ ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ. ಎರಡೂ ಬಂತು. ಬೆಳಿಗ್ಗೆ ಸಂಜೆ ಒಂದೇ ಅಡಿಗೆಮನೆಯಲ್ಲಿ ನನ್ನ ಪಕ್ಕ ನಿಂತು, ಇಷ್ಟು ದೊಡ್ಡ ಹೆದರಿಕೆಯನ್ನು ಸೊಪ್ಪು ರುಬ್ಬಿ ಬಳಿದುಕೊಂಡು ತಿರುಗಿದ್ದಳಲ್ಲ.

ಡಾಕ್ಟರಮ್ಮ ಬಂದರು. ಕತ್ತು ನೋಡಿದರು, ಕೈ ನೋಡಿದರು, ಹತ್ತಿಗೆ ಎಣ್ಣೆ ಮುಟ್ಟಿಸಿ ಗೋರಂಟಿ ಉಜ್ಜಿ ಉಜ್ಜಿ ನೋಡಿದರು. ಗಿರಿಜಕ್ಕ ಕಣ್ಣುಮುಚ್ಚಿ ಕೂತಿದ್ದಳು, ಶಿವ ಶಿವ ಎಂದು ತುಟಿ ಅಲುಗುತ್ತಿತ್ತು. ಕೊನೆಗೆ ಅವರು ಕುರ್ಚಿ ಎಳೆದುಕೊಂಡು ಅವಳ ಮುಂದೆ ಕೂತು, "ಇದನ್ನ ಮುಚ್ಚಿಟ್ರಾ? ಇದಕ್ಕೇ ನಾನು ಕಾಯ್ತಾ ಇದ್ದಿದ್ದು ಅಮ್ಮ," ಅಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕ್ಯಾನ್ಸರು ಹುಟ್ಟಿದ್ದು ಬಣ್ಣದ ಕೋಶದಲ್ಲಿ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಕೂತದ್ದೂ ಅದೇ ಜಾತಿಯ ಕೋಶ. ಮಂಕು ಬಿಟ್ಟು ಎದ್ದ ಕಾವಲಿಗೆ ಶ್ವಾಸಕೋಶದಲ್ಲಿ ಅಡಗಿರುವ ಕಳ್ಳನೂ, ಚರ್ಮದಲ್ಲಿ ತನ್ನ ಪಾಡಿಗಿರುವ ಪಾಪದ ಬಣ್ಣದ ಕೋಶವೂ ಒಂದೇ ತರ ಕಾಣುತ್ತವೆ. ಎರಡನ್ನೂ ಹೊಡೆಯುತ್ತದೆ. ತನ್ನ ಮೈಯನ್ನು ತಾನೇ ಹೊಡೆದುಕೊಳ್ಳುವ ಕಾಯಿಲೆಗಳು ಬೇರೆಯೇ ಇವೆ, ತೊನ್ನು, ಕೀಲುವಾತ, ಹೀಗೆ. ಔಷಧಿಯಿಂದ ಈಗ ಅದೇ ನಮೂನೆ ಆಗುತ್ತಿದೆ. ಚರ್ಮದ ಬಣ್ಣ ಹೋಗುತ್ತಿದೆ ಅಂದರೆ ಒಳಗೂ ಹೊಡೆತ ಬೀಳುತ್ತಿರಬಹುದು. "ಖಾತ್ರಿ ಅಲ್ಲ, ಆದ್ರೆ ಒಳ್ಳೇ ಲಕ್ಷಣ," ಎಂದು ಎರಡೆರಡು ಸಲ ಹೇಳಿದರು.

ಗಿರಿಜಕ್ಕ ಒಂದು ಕಣ್ಣು ತೆರೆದಳು. "ಅಂದ್ರೆ ನಮ್ಮ ಕರಿಯನ ಕತೆ ಆಯ್ತು ಅನ್ನಿ."

ಕರಿಯ ನಮ್ಮ ಮನೆ ನಾಯಿ. ಕಳ್ಳರು ತೋಟದ ಮೆಣಸು ಹೊತ್ತುಕೊಂಡು ಹೋಗುವಾಗ ಅವರು ಹಾಕಿದ ಬಿಸ್ಕತ್ತು ತಿಂದು ಬಾಲ ಅಲ್ಲಾಡಿಸಿದ್ದ ಮಹಾನುಭಾವ. ನಮ್ಮ ಯಜಮಾನರು ಗದರಿ, ಚೂ ಬಿಟ್ಟು ಬಿಟ್ಟು ಅದನ್ನು ಚುರುಕು ಮಾಡಿದರು. ಚುರುಕಾಯಿತು. ಮುಂದಿನ ಸಲ ಕಳ್ಳನನ್ನು ಬೇಲಿಗೆ ಒತ್ತಿ ಹಿಡಿಯಿತು, ಅದೇ ವಾರದಲ್ಲಿ ಗೊಬ್ಬರದ ಚೀಲ ಹೊತ್ತು ಬರುತ್ತಿದ್ದ ಯಜಮಾನರ ಮೀನಖಂಡವನ್ನೂ ಹಿಡಿಯಿತು. ಚೀಲ ಹೊತ್ತವರೆಲ್ಲ ಅದಕ್ಕೆ ಕಳ್ಳರೇ. ಗಿರಿಜಕ್ಕ ಇಷ್ಟನ್ನೂ ಅಭಿನಯ ಸಮೇತ ಹೇಳಿದಳು. ಡಾಕ್ಟರಮ್ಮ ಕಣ್ಣೊರೆಸಿಕೊಂಡು ನಕ್ಕರು.

ನಕ್ಕ ಮೇಲೆ ಗಂಭೀರವಾದರು. "ಸರಿಯಾಗಿ ಹೇಳಿದ್ರಿ. ಆದ್ರೆ ಆ ನಾಯಿ ಚರ್ಮ ಕಚ್ಚಿದ್ರೆ ಪರವಾಗಿಲ್ಲ, ಕರುಳಿಗೆ ಬಾಯಿ ಹಾಕಿದ್ರೆ ಪ್ರಾಣಕ್ಕೇ ಬರುತ್ತೆ. ಇನ್ನೇನು ಮುಚ್ಚಿಟ್ಟಿದ್ದೀರಿ?" ಗಿರಿಜಕ್ಕ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ, ಸುಮಾರು ದಿನದಿಂದ ಭೇದಿ ನಿಲ್ಲುತ್ತಿಲ್ಲ ಎಂದಳು. ಅವಳು ಯಾವುದು ನಿಲ್ಲದಿರಲಿ ಎಂದು ಇಷ್ಟೆಲ್ಲ ಮುಚ್ಚಿಟ್ಟಿದ್ದಳೋ ಅದೇ ನಿಂತಿತು. ಔಷಧಿ ನಿಲ್ಲಿಸಿದರು. ಅಲ್ಲೇ ಮಲಗಿಸಿಕೊಂಡು ನಾಯಿಯನ್ನು ತಣ್ಣಗೆ ಮಾಡುವ ಬೇರೆ ಮಾತ್ರೆ ಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಕರುಳು ತೂತಾಗಿ ಕೈಮೀರಿ ಹೋಗುತ್ತಿತ್ತಂತೆ. ಆ ವಾರ್ಡಿನಲ್ಲಿ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಸಾರಿಗೆ ನಿನಗೆ ಬೇಕಾದಷ್ಟು ಬೆಲ್ಲ ಹಾಕು, ನಾನು ಸೋತೆ ಎಂದರೂ ತಿರುಗಲಿಲ್ಲ.

ಭೇದಿ ನಿಂತ ಮೇಲೆ ಸ್ಕ್ಯಾನ್ ಮಾಡಿದರು. ಶ್ವಾಸಕೋಶದ ಗಂಟುಗಳು ಕುಗ್ಗಿದ್ದವು. ಎದ್ದ ಕಾವಲು ಔಷಧಿಯಿಲ್ಲದೆಯೂ ಎದ್ದೇ ಇತ್ತು. ಆಮೇಲೆ ಥೈರಾಯ್ಡನ್ನೂ ಕಚ್ಚಿತು, ಅದಕ್ಕೆ ದಿನಾ ಬೆಳಿಗ್ಗೆ ಒಂದು ಮಾತ್ರೆ ಬಂತು. ಬಿಳುಪು ಮೊಣಕೈ ದಾಟಿತು, ಹುಬ್ಬಿಗೂ ಬಂತು. ಊರಿನಲ್ಲಿ ಆಡಿಕೊಳ್ಳುವವರು ಆಡಿಕೊಂಡರು, ನಾಗನಿಗೆ ಹರಕೆ ಹೊತ್ತುಕೊಳ್ಳಿ ಎಂದು ಬುದ್ಧಿ ಹೇಳಿದರು. ನಾವು ಮಾತ್ರ ಬೆಳಗಾದರೆ ಅವಳ ಕೈಯ ಬಿಳುಪು ಎಲ್ಲಿಯವರೆಗೆ ಬಂತು ಎಂದು ಆಸೆಯಿಂದ ನೋಡತೊಡಗಿದೆವು. ಎಲ್ಲಾದರೂ ಬಣ್ಣ ವಾಪಸು ಬಂದರೆ ಕಾವಲು ಮತ್ತೆ ಮಲಗಿತು ಎಂಬ ಭಯವನ್ನು ನಾವೇ ಕಟ್ಟಿಕೊಂಡೆವು. ಡಾಕ್ಟರಮ್ಮ ಹಾಗೇನೂ ಹೇಳಿರಲಿಲ್ಲ.

ಇಷ್ಟೆಲ್ಲ ಒರಳಿನ ಮುಂದೆ ಕೂತು ನೆನೆಯುತ್ತಿದ್ದೆ ನೋಡಿ. "ಕೈ ಯಾಕೆ ನಿಲ್ಲಿಸ್ಬುಟ್ಟೆ?" ಎಂದು ಪಕ್ಕದಿಂದ ಒಂದು ಕೈ ಬಂದು ಗುಂಡುಕಲ್ಲು ಹಿಡಿಯಿತು. "ಮದುಮಗಳು ಕಾಯ್ತಾ ಅವ್ಳೆ. ಸರಿ ಅತ್ಲಾಗೆ, ನಾನು ರುಬ್ತೀನಿ." ಹೌದು, ಈ ಗೋರಂಟಿ ಶ್ರುತಿಗೆ. ಮದುವೆಯಾಗಿ ಮೊದಲನೇ ಆಷಾಢಕ್ಕೆ ತವರಿಗೆ ಬಂದಿದ್ದಾಳೆ. ಧಾರೆ ಎರೆದವಳು ಅವಳಮ್ಮನೇ, ಬೆಳ್ಳನೆಯ ಆ ಕೈಯಲ್ಲೇ.

ಗಿರಿಜಕ್ಕ ರುಬ್ಬಿ ಮುಗಿಸಿ ಒರಳಿನಿಂದ ಸೊಪ್ಪು ಬಳಿದು ತೆಗೆಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು. "ಇಲ್ನೋಡೆ," ಅಂದಳು, ದನಿ ಸಣ್ಣಗಾಗಿತ್ತು. ಬೆಳ್ಳಗಿನ ಮುಂಗೈ ನಡುವೆ ಒಂದು ಕಂದು ಚುಕ್ಕೆ. ಕಾಫಿಬೀಜದಷ್ಟು.

ಸೆರಗಿನ ತುದಿಯನ್ನು ನೀರಿಗದ್ದಿ ಉಜ್ಜಿದೆ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಅರ್ಧ ಎದ್ದು ಬಂತು, ಅಡಿಯಲ್ಲಿ ತೆಳ್ಳಗೆ ಕಿತ್ತಳೆ ಬಣ್ಣ ಕಂಡಿತು.

"ಗೋರಂಟಿ ಕಣಕ್ಕ! ಸಿಡಿದು ಒಣಗೈತೆ, ಅಷ್ಟೆ!"

"ಗೋರಂಟಿನಾ?"

"ಗೋರಂಟಿನೇ ಮಾರಾಯ್ತಿ!"

ಇಬ್ಬರೂ ಒರಳಿನ ಪಕ್ಕ ಕುಸಿದು ಕೂತು, ಶ್ರುತಿ ಓಡಿ ಬಂದು ಏನಾಯ್ತು ಏನಾಯ್ತು ಎಂದು ಕೇಳುವವರೆಗೂ ನಕ್ಕೆವು. ನಗುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಇಬ್ಬರೂ ಒರೆಸಿಕೊಳ್ಳಲಿಲ್ಲ, ಕೈತುಂಬ ಗೋರಂಟಿ ಇತ್ತಲ್ಲ. ಮಗಳಿಗೆ ಹಚ್ಚಿ ಮುಗಿದ ಮೇಲೆ ಒಂದು ಹಿಡಿ ಉಳಿಯಿತು. ಗಿರಿಜಕ್ಕನ ಕೈಯನ್ನು ನನ್ನ ತೊಡೆಮೇಲೆ ಎಳೆದುಕೊಂಡೆ. ಅವಳು ಅಂಗೈ ಮೇಲೆಮಾಡಿ ಹಿಡಿದಳು.

"ಈ ಕಡೆಗೆ ಮಾತ್ರ ಹಾಕೆ," ಅಂದಳು. "ಆ ಕಡೆ ಡಾಕ್ಟ್ರಮ್ಮಂಗೆ ಕಾಣ್ಬೇಕು."