ಹಸಿರು ಮನುಷ್ಯನ ಕಾರಿನಲ್ಲಿ

ನಮ್ಮ ಅಪಾರ್ಟ್‌ಮೆಂಟಿನ ಹಸಿರು ಸಮಿತಿಯ ಅಧ್ಯಕ್ಷರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿಡ ನೆಡುವುದರ ಮೇಲಾಗಲಿ, ಬಟ್ಟೆ ಚೀಲದ ಮೇಲಾಗಲಿ, ಪೆಟ್ರೋಲ್ ಉಳಿಸುವುದರ ಮೇಲಾಗಲಿ ನನಗೆ ಯಾವ ಸಿಟ್ಟೂ ಇಲ್ಲ. ಮಂಡ್ಯದ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗುತ್ತಿತ್ತು, ಹರಿದ ಪಂಚೆ ಒರೆಸುವ ಬಟ್ಟೆಯಾಗುತ್ತಿತ್ತು. ಅದಕ್ಕೆ ಯಾರೂ ಸಮಿತಿ ಮಾಡಿರಲಿಲ್ಲ, ಯಾರೂ ಫೋಟೊ ತೆಗೆಸಿಕೊಂಡಿರಲಿಲ್ಲ. ನನ್ನ ಸಿಟ್ಟೆಲ್ಲ ಆ ಒಬ್ಬ ಮನುಷ್ಯನ ಮೇಲೆ.

ನಾವು ಮಂಡ್ಯ ಬಿಟ್ಟು ಈ ತಮಿಳು ಊರಿನ ಮಾಧವರಂಗೆ ಬಂದಾಗ ಮೆಟ್ರೋ ಕೆಲಸಕ್ಕಾಗಿ ರಸ್ತೆಯನ್ನೆಲ್ಲ ಅಗೆದು ತಗಡಿನ ಬೇಲಿ ಕಟ್ಟಿದ್ದರು. ನನ್ನ ಗಂಡನನ್ನು ಕಾರ್ಖಾನೆಯ ಬಸ್ಸು ಗೇಟಿನ ಹತ್ತಿರವೇ ಹತ್ತಿಸಿಕೊಳ್ಳುತ್ತಿತ್ತು. ನನ್ನ ಆಫೀಸು ಗಿಂಡಿಯಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ದಿನವೂ ಆಟೋ ಹುಡುಕುತ್ತ ಗೇಟಿನಲ್ಲಿ ಬೆವರುತ್ತ ನಿಂತಿರುತ್ತಿದ್ದೆ. ಹಾಗೆ ನಿಂತಿದ್ದ ಒಂದು ಬೆಳಿಗ್ಗೆ ಈ ಅಧ್ಯಕ್ಷರು ಕಾರು ನಿಲ್ಲಿಸಿದರು. ಐವತ್ತರ ಮೇಲಿನ ವಯಸ್ಸು, ಹಣೆಯಲ್ಲಿ ತೆಳುವಾದ ನಾಮ, ಎದೆಯ ಮೇಲೆ ಎಲೆಯ ಚಿತ್ರದ ಬ್ಯಾಡ್ಜು.

"ಕನ್ನಡದವ್ರಾ? ನಾವೂ ಕನ್ನಡಾನೇ ಮಾ. ತಾತನ ಕಾಲದಲ್ಲೇ ತ್ರಿಪ್ಲಿಕೇನ್‌ಗೆ ಬಂದಾಚು. ಗಿಂಡಿಗಾ? ನಾನೂ ಅಲ್ಲಿಗೇ, ಹತ್ತಿಕೊಳ್ಳಿ. ನೀವೊಬ್ರೇ ಒಂದು ಆಟೋ ಹಿಡಿದ್ರೆ ಭೂಮಿಗೆ ಎಷ್ಟು ಕಷ್ಟ, ಯೋಚನೆ ಪಣ್ಣಿ ನೋಡಿ."

ಭೂಮಿಯ ಯೋಚನೆ ಮಾಡುವಷ್ಟು ತಾಳ್ಮೆ ಆ ಬಿಸಿಲಿನಲ್ಲಿ ನನಗಿರಲಿಲ್ಲ. ಹತ್ತಿದೆ. ಮುಂದಿನ ಸೀಟಿನಲ್ಲಿ ಮೂರನೆಯ ಮಹಡಿಯ ಬ್ಯಾಂಕಿನವರೊಬ್ಬರು ಕೂತಿದ್ದರು. ಅವರು ತಮಿಳರು, ಮಿತಭಾಷಿ. ಅವತ್ತಿನಿಂದ ನಾವು ಮೂವರೂ ಒಂದೇ ಕಾರಿನಲ್ಲಿ ಹೋಗಿಬರತೊಡಗಿದೆವು.

ಆತ ನಮ್ಮಿಂದ ಕಾಸು ಕೇಳಲಿಲ್ಲ. ಕೇಳಿದ್ದರೆ ಕೊಟ್ಟು ಆರಾಮಾಗಿರಬಹುದಿತ್ತು. ಆತನಿಗೆ ಬೇಕಾಗಿದ್ದದ್ದು ನಮ್ಮ ಕಿವಿ. ಕಾರು ಗೇಟು ದಾಟುತ್ತಿದ್ದಂತೆ ಉಪದೇಶ ಶುರುವಾಗುತ್ತಿತ್ತು. ಎಸಿ ಹಾಕುವುದು ಪಾಪ. ಆದ್ದರಿಂದ ಮೇ ತಿಂಗಳಿನಲ್ಲೂ ಕಿಟಕಿ ಇಳಿಸಿ, ಲಾರಿಗಳ ಹೊಗೆಯನ್ನೆಲ್ಲ ನಾವು ಮೂವರೂ ಒಳಗೆ ತುಂಬಿಕೊಳ್ಳುತ್ತಿದ್ದೆವು. ಹಾರ್ನ್ ಹೊಡೆಯುವುದು ಪಾಪ. ಓವರ್‌ಟೇಕ್ ಮಾಡುವುದು ಮಹಾಪಾಪ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬೈಕಿನವನಿಗೆ ಕತ್ತು ಹೊರಗೆ ಹಾಕಿ, "ತಂಬಿ, ಇಂಜಿನ್ ಆಫ್ ಪಣ್ಣು" ಎನ್ನುತ್ತಿದ್ದರು. ಅವನು ಮೇಲಿಂದ ಕೆಳಗೆ ನೋಡಿ ಆಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತಿದ್ದ. ನನಗೆ ಅವನ ಮೇಲೆ ಗೌರವ ಬರುತ್ತಿತ್ತು.

ಮೊದಮೊದಲು ನಾನೂ ಹೂಂಗುಟ್ಟಿದ್ದೆ. ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸುವುದರಲ್ಲಿ ತಪ್ಪೇನಿದೆ? ಜೋರಾಗಿ ಬ್ರೇಕ್ ಒತ್ತದೆ ಹದವಾಗಿ ಓಡಿಸಿದರೆ ಒಳ್ಳೆಯದೇ. ಆದರೆ ಆತನಿಗೆ ಹದ ಎನ್ನುವುದೇ ಗೊತ್ತಿರಲಿಲ್ಲ. ಎಲ್ಲೋ ಓದಿದ ಒಂದು ಸಾಲನ್ನು ತಂದು, ಅದು ಹರಿಯುವವರೆಗೂ ಎಳೆಯುವುದು ಅವರ ಸ್ವಭಾವ. ಕಾರಿನಲ್ಲಿ ಬೇಡದ ಭಾರ ಇಡಬಾರದು ಎಂದು ಓದಿದ್ದರು. ಸರಿ, ಡಿಕ್ಕಿಯಿಂದ ಸ್ಟೆಪ್ನಿ ಟಯರನ್ನೇ ತೆಗೆದು ಮನೆಯ ಬಾಲ್ಕನಿಯಲ್ಲಿ ಇಟ್ಟು, ಅದರೊಳಗೆ ಪುದೀನ ಬೆಳೆಸಿದರು. ಅದರ ಫೋಟೊ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂತು. ಚಪ್ಪಾಳೆಯೋ ಚಪ್ಪಾಳೆ.

ಅವರು ಇಳಿಸಿದ ಇನ್ನೊಂದು ಭಾರದ ವಿಷಯ ನನಗೆ ತಡವಾಗಿ ಗೊತ್ತಾಯಿತು.

ಅವರ ಹೆಂಡತಿ ಸೈದಾಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಎಲ್ಲರಂತೆ ನಾನೂ ಅವರನ್ನು ಮಾಮಿ ಎಂದೇ ಕರೆಯುತ್ತಿದ್ದೆ. ಸೈದಾಪೇಟೆ ಎಂದರೆ ಗಿಂಡಿಯ ಪಕ್ಕ. ನಮ್ಮ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾನೊಬ್ಬಳೇ ಕೂತಿರುತ್ತಿದ್ದೆ. ಮಾಮಿ ಮಾತ್ರ ನಮಗಿಂತ ಬೇಗ ಹೊರಟು, ಉತ್ತರಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು, ಬಸ್‌ಸ್ಟಾಪಿನವರೆಗೆ ನಡೆದುಹೋಗುತ್ತಿದ್ದರು. ಅವರ ಶಾಲೆ ನಮ್ಮ ದಾರಿಯಲ್ಲೇ ಎಂದು ಗೊತ್ತಾದ ದಿನ ಕಾರಿನಲ್ಲೇ ಕೇಳಿದೆ.

"ಸಾರ್, ಮಾಮೀನೂ ನಮ್ ಜೊತೆ ಬರಬಹುದಲ್ವಾ? ಸೀಟು ಖಾಲಿನೇ ಇದೆ."

ಆತ ಕನ್ನಡಿಯಲ್ಲಿ ನನ್ನನ್ನು ನೋಡಿ ಮಗುವಿಗೆ ವಿವರಿಸುವವರಂತೆ ನಕ್ಕರು. "ಇಲ್ಲಿ ಪಾರುಂಗೊ ಮಾ. ಬಸ್ಸು ಹೇಗಿದ್ರೂ ಓಡುತ್ತೆ. ಅವಳು ಹತ್ತಿದ್ರೆ ಬಸ್ಸಿಗೆ ಒಂದು ತೊಟ್ಟು ಡೀಸಲ್ ಕೂಡ ಜಾಸ್ತಿ ಆಗಲ್ಲ. ಅದೇ ಕಾರಿಗೆ ಹತ್ತಿದ್ರೆ? ವೆಯ್ಟು. ಅದಾನ್ ಲಾಜಿಕ್."

"ಹಾಗಾದ್ರೆ ನಾವು?"

"ನೀವು ಕಮ್ಯೂನಿಟಿ ಮಾ."

ಬ್ಯಾಂಕಿನವರಿಗೆ ಕನ್ನಡ ಬಾರದು. ಆದರೂ ಅವರು ತಿರುಗಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ರೆಟ್ಟೇರಿ ಕೆರೆ ನೋಡುತ್ತ ಕೂತೆ. ಹೆಂಡತಿಯನ್ನು ಸ್ಟೆಪ್ನಿಯ ಜೊತೆ ಸೇರಿಸಿ ತೂಗುವ ಮನುಷ್ಯ ಈತ. ಇಳಿದು ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆಫೀಸಿಗೆ ಹೊತ್ತಾಗುತ್ತಿತ್ತು.

ಅದಾದ ಮೇಲೆ ಆತ ಹೊಸದೊಂದು ವಿದ್ಯೆ ಕಲಿತರು. ನಮ್ಮ ದಾರಿಯಲ್ಲಿ ಪಾಡಿಯ ಮೇಲ್ಸೇತುವೆ ಸಿಗುತ್ತದೆ. ಅದರ ನೆತ್ತಿ ಹತ್ತಿದ ಕೂಡಲೇ ಆತ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಡುತ್ತಿದ್ದರು. ಕಾರು ಸದ್ದಿಲ್ಲದೆ ಇಳಿಜಾರಿನಲ್ಲಿ ಜಾರುತ್ತಿತ್ತು. "ಫ್ರೀ! ಗುರುತ್ವಾಕರ್ಷಣೆ ಫ್ರೀ!" ಎಂದು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದರು. ಈಗಿನ ಕಾರುಗಳಲ್ಲಿ ಗೇರಿನಲ್ಲೇ, ಆಕ್ಸಿಲರೇಟರಿನಿಂದ ಕಾಲೆತ್ತಿ ಇಳಿದರೂ ಪೆಟ್ರೋಲ್ ಖರ್ಚಾಗುವುದಿಲ್ಲ ಎಂಬುದನ್ನು ಆಮೇಲೆ ಓದಿ ತಿಳಿದೆ. ಅಂದರೆ ಆ ಸಾಹಸದಿಂದ ಉಳಿಯುತ್ತಿದ್ದದ್ದು ಏನೂ ಇಲ್ಲ. ಇಂಜಿನ್ ಆರಿದರೆ ಬ್ರೇಕಿನ ಬಲವೂ ಹೋಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಅದು ಕಲ್ಲಾಗುತ್ತದೆ ಎಂಬುದನ್ನು ಮಾತ್ರ ಓದಿ ತಿಳಿಯಬೇಕಾಗಲಿಲ್ಲ.

ಅವತ್ತು ತುಂತುರು ಮಳೆಯಿತ್ತು. ಸೇತುವೆಯ ಮೇಲೆ ಎಂದಿನಂತೆ ಇಂಜಿನ್ ಆರಿತು. ಮುಂದೆ ಒಂದು ಬಸ್ಸು ನಿಧಾನವಾಯಿತು, ಆತ ಬ್ರೇಕ್ ತುಳಿದರು. ಮತ್ತೆ ಜಾರಿದೆವು, ಮತ್ತೆ ತುಳಿದರು. ಸೇತುವೆಯ ಬುಡದಲ್ಲಿ ನೀರಿನ ಲಾರಿಯೊಂದು ನಿಂತಿತ್ತು. ಆತ ತುಳಿಯುತ್ತಲೇ ಇದ್ದರು, ಕಾರು ಹೋಗುತ್ತಲೇ ಇತ್ತು. ಸ್ಟಿಯರಿಂಗ್ ತಿರುಗಿಸಲು ಎರಡೂ ಕೈಯಿಂದ ಎಳೆದರು, ಅದು ಜಗ್ಗಲಿಲ್ಲ. "ಸಾರ್! ಕೀಲಿ! ಕೀಲಿ ತಿರುಗ್ಸಿ!" ಎಂದು ನಾನು ಕೂಗಿದ್ದು ನೆನಪಿದೆ. ಬ್ಯಾಂಕಿನವರು "ಮುರುಗಾ" ಎಂದದ್ದು ನೆನಪಿದೆ. ಆಮೇಲೆ ದೊಡ್ಡ ಸದ್ದು.

ಲಾರಿಯ ಹಿಂಬದಿಯ ನಲ್ಲಿ ಮುರಿದು, ನಮ್ಮ ಬಾನೆಟ್ಟಿನ ಮೇಲೆ ನೀರು ಧೋ ಎಂದು ಸುರಿಯತೊಡಗಿತು. ಮುಂದಿನ ಸೀಟಿಗೆ ಊರಿದ್ದ ನನ್ನ ಬಲಗೈ ಮಣಿಕಟ್ಟಿನಲ್ಲಿ ತಿರುಚಿಕೊಂಡಿತ್ತು. ಬ್ಯಾಂಕಿನವರ ಮೂಗಿನಿಂದ ರಕ್ತ ಇಳಿದು ಬಿಳಿಯ ಅಂಗಿಯ ಮೇಲೆ ಹರಡುತ್ತಿತ್ತು. ಆತನಿಗೆ ಏನೂ ಆಗಿರಲಿಲ್ಲ. ಕನ್ನಡಕ ಕೂಡ ಮೂಗಿನ ಮೇಲೆ ಇದ್ದ ಹಾಗೇ ಇತ್ತು.

ನಮ್ಮ ಕಡೆ ತಿರುಗಿ ಆತ ಆಡಿದ ಮೊದಲ ಮಾತು ಇದು: "ನೋಡಿದ್ರಾ? ಇಂಜಿನ್ ಆಫ್ ಇತ್ತು, ಅದಕ್ಕೇ ಬೆಂಕಿ ಹತ್ತಲಿಲ್ಲ."

ಲಾರಿಯ ಡ್ರೈವರ್ ಇಳಿದು ಬಂದು, "ಯೋವ್, ಬ್ರೇಕ್ ಇಲ್ಲೆಯಾ? ಕಣ್ಣು ತೆರಿಯಲೆಯಾ?" ಎಂದು, ಕಣ್ಣು ಕಾಣುವುದಿಲ್ಲವೇ ಎಂದು ಬೈಯತೊಡಗಿದ. ಆತ ಕಾರಿನಿಂದ ಇಳಿದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಆತ ಸುರಿಯುತ್ತಿದ್ದ ನೀರಿನ ಕಡೆ ಬೆರಳು ಮಾಡಿ, ಇಷ್ಟು ಕುಡಿಯುವ ನೀರು ವ್ಯರ್ಥವಾಗುತ್ತಿದೆಯಲ್ಲ, ನಿನಗೆ ನಾಚಿಕೆಯಿಲ್ಲವೇ ಎಂದು ತಮಿಳಿನಲ್ಲಿ ಅವನಿಗೇ ತಿರುಗಿ ಬಿದ್ದರು. ಡ್ರೈವರ್ ತಾನೇ ತಪ್ಪು ಮಾಡಿದವನಂತೆ ಮುರಿದ ನಲ್ಲಿಗೆ ಕೈ ಅಡ್ಡ ಹಿಡಿದ. ಅವನಿಗೆ ಸಿಟ್ಟೂ ಮರೆತುಹೋಯಿತೆಂದು ಕಾಣುತ್ತದೆ.

ಯಾರೋ ಪುಣ್ಯಾತ್ಮರು ನನ್ನನ್ನೂ ಬ್ಯಾಂಕಿನವರನ್ನೂ ಆಟೋ ಹತ್ತಿಸಿ ಹತ್ತಿರದ ಆಸ್ಪತ್ರೆಗೆ ಕಳಿಸಿದರು. ಆತ ಕಾರಿನ ಫೋಟೊ ತೆಗೆಯಲು ಉಳಿದುಕೊಂಡರು.

ನನ್ನ ಕೈಗೆ ಪಟ್ಟಿ ಸುತ್ತುವ ಹೊತ್ತಿಗೆ ಮಾಮಿ ಬಂದರು, ಶಾಲೆಯಿಂದ ನೇರವಾಗಿ, ಬೆರಳಲ್ಲಿ ಚಾಕ್‌ಪೀಸಿನ ಪುಡಿ ಹಾಗೇ ಇತ್ತು. ನನ್ನ ಗಂಡ ಬರುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತರು. ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು.

"ನಿಜ ಹೇಳು ಮಾ. ಬ್ರೇಕ್ ಫೇಲ್ ಅಂತ ಇವ್ರು ಫೋನಲ್ಲಿ ಹೇಳಿದ್ರು. ಇಂಜಿನ್ ಆಫ್ ಮಾಡಿದ್ರು ತಾನೇ?"

"ಹೂಂ ಮಾಮಿ. ದಿನಾ ಮಾಡ್ತಿದ್ರು."

ಅವರು ತಲೆಯಾಡಿಸಿದರು. ಆಶ್ಚರ್ಯವಾದಂತೆ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ. "ನೀವು ಬಸ್ಸಲ್ಲಿ ಹೋಗೋದು, ನಾವು ನಿಮ್ಮ ಕಾರಲ್ಲಿ ಹೋಗೋದು... ನನಗೆ ಯಾವಾಗ್ಲೂ ಒಂಥರಾ ಆಗ್ತಿತ್ತು ಮಾಮಿ. ನೀವು ಯಾಕೆ ಒಂದು ಮಾತೂ ಕೇಳ್ಲಿಲ್ಲ?"

ಮಾಮಿ ನನ್ನ ಮುಖ ನೋಡಿ ನಕ್ಕರು. "ಅಯ್ಯೋ, ಅದಕ್ಕೆ ಬೇಜಾರು ಮಾಡ್ಕೊಂಡ್ಯಾ? ಬಸ್ಸಲ್ಲಿ ಅವರ ಮಾತು ಇರಲ್ಲ ಮಾ. ಕಿಟಕಿ ಪಕ್ಕ ಸೀಟು ಸಿಕ್ರೆ ಇನ್ನೇನು ಬೇಕು? ನಿಮ್ಮಿಬ್ಬರನ್ನ ನೆನೆಸ್ಕೊಂಡೇ ನನಗೆ ಪಾವಂ ಅನ್ನಿಸ್ತಿತ್ತು." ಆಮೇಲೆ ನಗು ನಿಲ್ಲಿಸಿ, ಎದುರಿಗೆ ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದ ಬ್ಯಾಂಕಿನವರನ್ನು ನೋಡಿದರು. "ನಾನು ಸುಮ್ನಿದ್ದದ್ದು ತಪ್ಪಾಯ್ತು" ಎಂದು ಮೆಲ್ಲಗೆ ಹೇಳಿದರು.

ಅಪಾರ್ಟ್‌ಮೆಂಟಿನಲ್ಲಿ ಆತ ಬ್ರೇಕ್ ಫೇಲ್ ಕಥೆಯನ್ನೇ ಹೇಳಿಕೊಂಡು ಓಡಾಡಿದರು. ಜನ ಮರುಗಿದರು. ಅಂಥ ಸಮಯದಲ್ಲೂ ಸಾರ್ ಎಷ್ಟು ಸಮಾಧಾನವಾಗಿದ್ದರು ಎಂದು ಒಬ್ಬರು ಗುಂಪಿನಲ್ಲಿ ಬರೆದರು. ನಾನು ಅದರ ಕೆಳಗೆ ಎಡಗೈಯಲ್ಲಿ, ನಡೆದದ್ದನ್ನು ನಡೆದ ಹಾಗೆ ಬರೆದು ಹಾಕಿದೆ. ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆತ ಮಳೆನೀರು ಕೊಯ್ಲಿನ ಮೇಲೆ ಒಂದು ವಿಡಿಯೊ ಹಾಕಿದರು. ಅದಕ್ಕೆ ಎಲ್ಲರೂ ಕೈ ಮುಗಿದರು.

ಕಾರು ರಿಪೇರಿಯಾಗಿ ಬಂದ ಮರುದಿನ ಮಾಮಿ ನನಗೂ ಬ್ಯಾಂಕಿನವರಿಗೂ ಫೋನ್ ಮಾಡಿ ಕೆಳಗೆ ಬರಲು ಹೇಳಿದರು. ನಾನು ಬರುವುದಿಲ್ಲ ಎಂದು ಹೇಳಲೆಂದೇ ಇಳಿದು ಹೋದೆ. ನೋಡಿದರೆ ಡ್ರೈವರ್ ಸೀಟಿನಲ್ಲಿ ಮಾಮಿ ಕೂತು, ಸೀಟನ್ನು ಮುಂದಕ್ಕೆ ಸರಿಸಿಕೊಳ್ಳುತ್ತಿದ್ದಾರೆ. ಬಾಗಿಲ ಬಳಿ ಆತ ನಿಂತಿದ್ದಾರೆ, ಬ್ಯಾಡ್ಜು ಸಮೇತ.

"ಏನಿದು? ಕೆಳಗಿಳಿ. ಎಲ್ಲರಿಗೂ ಲೇಟ್ ಆಗುತ್ತೆ."

"ಇನ್ಮೇಲೆ ನಾನು ಓಡಿಸ್ತೀನಿ."

"ನೀನಾ? ಕಾರು ಮುಟ್ಟಿ ಎಷ್ಟು ಕಾಲ ಆಯ್ತು?"

"ರಾಯಪುರಂನಲ್ಲಿ ಹಾರ್ಬರ್ ಲಾರಿಗಳ ಮಧ್ಯೆ ಅಪ್ಪನ ಕಾರು ಓಡಿಸ್ತಿದ್ದೋಳು ನಾನು. ಲೈಸೆನ್ಸು ಇದೆ. ಹೋದ ವಾರ ಎಲ್ಲ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಕಾರು ಓಡಿಸಿ ನೋಡಿದೀನಿ. ಸ್ಟೆಪ್ನಿ ಡಿಕ್ಕಿಗೆ ಹಾಕಿಸಿದೀನಿ, ಪುದೀನ ಕುಂಡಕ್ಕೆ ಹೋಯ್ತು. ಬರೋದಾದ್ರೆ ಹಿಂದೆ ಕೂತ್ಕೊಳ್ಳಿ."

ಆತ ನಮ್ಮ ಕಡೆ ನೋಡಿದರು. ಬ್ಯಾಂಕಿನವರು ಮುಂದಿನ ಬಾಗಿಲು ತೆರೆದು ಕೂತು ಬೆಲ್ಟ್ ಹಾಕಿಕೊಂಡರು. ನಾನು ಹಿಂದೆ ಕೂತೆ. ಕೊನೆಗೆ ಆತನೂ ನನ್ನ ಪಕ್ಕಕ್ಕೆ ಬಂದು ಕೂತರು, ಮೊಣಕಾಲು ಮಡಿಚಿಕೊಂಡು.

ಮಾಮಿ ಎಸಿ ಹಾಕಿದರು, ಮಿತವಾಗಿ. ಮುಂದಿನ ವಾಹನದಿಂದ ದೂರ ಉಳಿದು, ಸಿಗ್ನಲ್ ಕೆಂಪಾಗುವುದನ್ನು ದೂರದಿಂದಲೇ ನೋಡಿ ಕಾಲೆತ್ತಿ, ಕಾರು ತಾನಾಗಿಯೇ ನಿಧಾನವಾಗಲು ಬಿಟ್ಟರು. ಎಲ್ಲೂ ನುಗ್ಗಲಿಲ್ಲ, ಎಲ್ಲೂ ಜರ್ ಎಂದು ನಿಲ್ಲಿಸಲಿಲ್ಲ. ಸಿಗ್ನಲ್ ಉದ್ದವಾಗಿದ್ದ ಕಡೆ ಇಂಜಿನ್ ಆರಿಸಿದರು, ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಪಾಡಿಯ ಸೇತುವೆಯನ್ನು ಗೇರಿನಲ್ಲೇ ಇಳಿದರು. ನನ್ನ ಪಕ್ಕದಲ್ಲಿ ಆತ ಗೇರು ಬದಲಿಸು, ಎಡಕ್ಕೆ ಹೋಗು, ಅಷ್ಟು ಬೇಗ ಬೇಡ ಎಂದು ಹೇಳುತ್ತಲೇ ಇದ್ದರು. ಮಾಮಿ ಕನ್ನಡಿಯನ್ನೂ ನೋಡದೆ, "ಏನೂಂದ್ರೆ, ಸ್ವಲ್ಪ ಸುಮ್ನಿರಿ, ನಾನು ರೋಡು ನೋಡ್ತಿದೀನಿ" ಎಂದರು. ಎಷ್ಟೋ ತಿಂಗಳ ಮೇಲೆ ಆ ಕಾರಿನಲ್ಲಿ ಮೌನವಿತ್ತು. ಬ್ಯಾಂಕಿನವರು ವಡಪಳನಿಯ ಹತ್ತಿರ ಸಣ್ಣಗೆ ಹಾಡು ಗುನುಗತೊಡಗಿದರು. ಅವರಿಗೆ ಅಷ್ಟು ಒಳ್ಳೆಯ ಕಂಠವಿದೆಯೆಂದು ನನಗೆ ಗೊತ್ತಿರಲಿಲ್ಲ.

ಆತ ಸೋಲುವವರಲ್ಲ. ಸಂಜೆಯೇ ಗುಂಪಿನಲ್ಲಿ ಪ್ರಕಟಣೆ ಬಂತು: ಹಸಿರು ಚಾಲನೆಯಲ್ಲಿ ಮಹಿಳೆಯರನ್ನು ಮುಂದೆ ತರುವ ಯೋಜನೆಗೆ ತಮ್ಮ ಮನೆಯಿಂದಲೇ ಚಾಲನೆ ಕೊಟ್ಟಿದ್ದಾರಂತೆ, ಪತ್ನಿಗೆ ತಾವೇ ತರಬೇತಿ ಕೊಡುತ್ತಿದ್ದಾರಂತೆ. ಜೊತೆಗೆ ಫೋಟೊ. ಸ್ಟಿಯರಿಂಗ್ ಹಿಡಿದ ಮಾಮಿ ಅದರಲ್ಲಿ ಅರ್ಧ ಕತ್ತರಿಸಿಹೋಗಿದ್ದರು, ಆತ ಪೂರ್ತಿ ಇದ್ದರು. ವಾರ್ಷಿಕೋತ್ಸವದಲ್ಲಿ ಸಂಘದವರು ಅದಕ್ಕಾಗಿ ಆತನಿಗೊಂದು ಶಾಲು ಹೊದಿಸಿದರು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛವನ್ನು ಆತ ಎರಡೂ ಕೈಯಲ್ಲಿ ಸ್ವೀಕರಿಸಿದರು. ನಾನು ಸಭೆಯಿಂದ ಎದ್ದು ಹೊರಗೆ ಬಂದೆ.

ಹಿಂದಿನ ಸೀಟನ್ನು ಆತ ಬಹಳ ದಿನ ಸಹಿಸಲಿಲ್ಲ. ಈಗ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದಾರೆ. ಒಳ್ಳೆಯ ವಾಹನ, ಸದ್ದಿಲ್ಲ, ಹೊಗೆಯಿಲ್ಲ. ಆದರೆ ಅದರ ಮೇಲೆ ಕೂತವರು ಅವರು. ಹೋದ ತಿಂಗಳು ರೆಟ್ಟೇರಿ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕಕ್ಕೇ ಬಂದು ನಿಂತರು. ಹೆಲ್ಮೆಟ್ಟಿನ ಪಟ್ಟಿ ಕಟ್ಟಿರಲಿಲ್ಲ, ಅದು ಕಿವಿಯ ಪಕ್ಕ ನೇತಾಡುತ್ತಿತ್ತು. ಬೆರಳಿನಿಂದ ಗಾಜು ತಟ್ಟಿದರು. ಮಾಮಿ ಗಾಜು ಇಳಿಸಿದರು.

"ಎಸಿ ಎಷ್ಟರಲ್ಲಿ ಇಟ್ಟಿದೀಯಾ?" ಎಂದು ಆತ ಕೇಳಿದರು.

"ಪಟ್ಟಿ ಕಟ್ಕೊಳ್ಳಿ" ಎಂದರು ಮಾಮಿ.

ಆತ ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು. ಮಾಮಿ ಗಾಜು ಏರಿಸಿ, ಮೆಲ್ಲಗೆ ಕಾರನ್ನು ಮುಂದಕ್ಕೆ ಬಿಟ್ಟರು.